ತಿರುಗಿಸಿದ ಕೈ

ತಗಡಿನ ಸಾಬರ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಬೆಸುಗೆಯ ಸೀಸ ತೊಟ್ಟಿಕ್ಕಿ ತೊಟ್ಟಿಕ್ಕಿ ಸುಟ್ಟು ನುಣ್ಣಗಾಗಿದ್ದವು. ಮದ್ದೂರಿನಲ್ಲಿ ನಮ್ಮ ಮನೆಯ ಎದುರಿಗೇ ಅವರ ಅಂಗಡಿ. ಹೊಟ್ಟೆಪಾಡಿಗೆ ಬುಡ್ಡಿದೀಪ, ಎಣ್ಣೆ ಸುರಿಯುವ ಆಲಿಕೆ ಮಾಡುತ್ತಿದ್ದರು. ಬಿಡುವಾದರೆ ಬೊಂಬೆ ಕೂರಿಸಿದ ಪೆಟ್ಟಿಗೆ. ಹಿಡಿಕೆ ತಿರುಗಿಸಿದರೆ ತಗಡಿನ ಹೆಂಗಸು ರಾಗಿ ಬೀಸುವಳು, ಎತ್ತು ಕತ್ತಾಡಿಸುವುದು. ಎಷ್ಟು ಗೋಗರೆದರೂ ತಾವಾಗಿ ತಿರುಗಿಸಿ ತೋರಿಸುತ್ತಿರಲಿಲ್ಲ ಮಹಾರಾಯರು.

"ಸುಮ್ಕೆ ನಿಂತು ನೋಡಕ್ಕೆ ಇದೇನು ಗ್ವಾಡೆ ಮ್ಯಾಲಿನ ಪಟ್ವಾ? ನೋಡೋರೇ ಆಡಿಸ್ಬೇಕು ಕಣವ್ವ," ಎನ್ನುತ್ತಿದ್ದರು.

ಬಾವುಟ ಹಿಡಿದವರನ್ನು ಪೊಲೀಸರು ಎಳೆದೊಯ್ಯುತ್ತಿದ್ದ ಕಾಲ ಅದು. ಬಾವುಟ ಎಂಬ ಮಾತನ್ನೂ ಮನೆಯೊಳಗೆ ಪಿಸುಗುಟ್ಟುತ್ತಿದ್ದೆವು. ಒಂದು ಬೆಳಿಗ್ಗೆ ಸಾಬರು ಜಗಲಿಯ ಮೇಲೆ ಹೊಸ ಪೆಟ್ಟಿಗೆ ಇಟ್ಟಿದ್ದರು. ಹಬ್ಬಕ್ಕೆ ಅರಿಸಿನ ಕಲಸುತ್ತಿದ್ದ ನಾನು ಅದೇ ಕೈಯಲ್ಲಿ ಹೋಗಿ ತಿರುಗಿಸಿದೆ. ತಗಡಿನ ರೈತನೊಬ್ಬ ಎದ್ದು ನಿಂತ. ಅವನ ಕೈಯಲ್ಲಿ ಮೂರು ಬಣ್ಣದ ಬಾವುಟ ಮೇಲೇರಿತು. ನಮ್ಮ ಯಜಮಾನರು ತಾಲ್ಲೂಕು ಕಚೇರಿಯ ಗುಮಾಸ್ತರು. ಹೆಂಡತಿ ಬಾವುಟ ಏರಿಸಿದಳೆಂದರೆ ಅವರ ಕೆಲಸ ಹೋಗುವುದಿರಲಿ, ನನಗೆ ಜೈಲೇ ಗತಿ. ಹಿಡಿಕೆ ಬಿಟ್ಟೆ, ರೈತ ಪೆಟ್ಟಿಗೆಯೊಳಗೆ ಕುಸಿದ. ಓಡಿಬಂದು ನಮ್ಮ ಬಾಗಿಲ ಸಂದಿಯಲ್ಲಿ ನಿಂತೆ.

ಯಾರು ಚಾಡಿ ಹೇಳಿದ್ದರೋ, ಪೊಲೀಸ್ ದಫೇದಾರ ಬಂದೇಬಿಟ್ಟ. ಹಳದಿಯಾದ ಹಿಡಿಕೆಯೇ ಅವನ ಕಣ್ಣಿಗೆ ಬೀಳಬೇಕೇ.

"ಯಾವೋಳ್ಲಾ ಇದನ್ನ ತಿರುಗ್ಸಿದ್ದು?"

ಸಾಬರು ನಮ್ಮ ಬಾಗಿಲ ಕಡೆ ಕಣ್ಣೆತ್ತಲಿಲ್ಲ. "ತಿರುಗ್ಸುದ್ರೆ ಏನಾಯ್ತದೆ ಅಂತ ತಾವೇ ನೋಡಿ ಸ್ವಾಮಿ."

ದಫೇದಾರ ತಿರುಗಿಸಿದ. ಬೀದಿಯವರೆಲ್ಲ ನೋಡುತ್ತಿದ್ದಂತೆ ಅವನ ಕೈಯಿಂದಲೇ ಬಾವುಟ ಏರಿತು. ಯಾರೂ ನಗಲಿಲ್ಲ. ನಗುವ ಧೈರ್ಯ ಯಾರಿಗಿತ್ತು?

"ಈಗ ಅರಿಸ್ನ ತಮ್ಮ ಕೈಲೂ ಅದೆ ಸ್ವಾಮಿ," ಎಂದರು ಸಾಬರು. "ಯಾರೆಸ್ರು ಬರ್ಕತೀರಿ?"

ಅವನು ಅಂಗೈ ನೋಡಿಕೊಂಡ. ಚಲ್ಲಣಕ್ಕೆ ಒರೆಸಿಕೊಂಡು, ಪೆಟ್ಟಿಗೆಯನ್ನು ಬೂಟಿನಲ್ಲಿ ತುಳಿದು ಅಪ್ಪಚ್ಚಿ ಮಾಡಿ ಹೊರಟುಹೋದ.

ನೀರು ಕೊಡಲು ಹೋದರೆ ಸಾಬರು ಚೊಂಬನ್ನು ಪಕ್ಕಕ್ಕಿಟ್ಟು ನನ್ನ ಅಂಗೈ ನೋಡಿದರು. "ಮದ್ಲು ಕೈ ತೊಳ್ಕೊ ಓಗವ್ವ," ಎಂದರು. ಉಜ್ಜಿ ಉಜ್ಜಿ ತೊಳೆದೆ. ಆಮೇಲೆ ಎಷ್ಟೋ ದಿನ ಬೂಟಿನ ಸದ್ದು ಕೇಳಿದರೆ ಸಾಕು, ಕೈಯನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಿದ್ದೆ.

ಸ್ವಾತಂತ್ರ್ಯ ಬರುವ ಮುನ್ನವೇ ಸಾಬರು ಜ್ವರದಲ್ಲಿ ತೀರಿಕೊಂಡರು. ಕಚೇರಿಯ ಮುಂದೆ ಬಾವುಟ ಏರಿದ ದಿನ ಹಗ್ಗ ಎಳೆದವರು ಯಾರೋ ದೊಡ್ಡವರು. ಊರೆಲ್ಲ ಕತ್ತೆತ್ತಿ ನೋಡುತ್ತ ನಿಂತಿತ್ತು. ಆಗಲೂ ಸೆರಗಿನೊಳಗೆ ಮುಚ್ಚಿಕೊಂಡಿದ್ದ ನನ್ನ ಬಲಗೈ ಹಿಡಿಕೆ ತಿರುಗಿಸುತ್ತಲೇ ಇತ್ತು.