ಕೊಸರಿನ ಕಣ್ಣು

ನರಗುಂದದ ಕಣ್ಣಿನ ದವಾಖಾನೆಯಲ್ಲಿ ಅವ್ವ ಡಾಕ್ಟರರ ಮುಂದೆ ಸೆರಗೊಡ್ಡಿ ನಿಂತುಬಿಟ್ಟಳು. ಬಲಗಣ್ಣಿನ ಪೊರೆ ತೆಗೆದು, ಆಗಷ್ಟೇ ಪಟ್ಟಿ ಬಿಚ್ಚಿದ್ದರು. ಗಜೇಂದ್ರಗಡದಲ್ಲಿ ಜೀವನವಿಡೀ ಸೀರೆ ನೇಯ್ದವಳಿಗೆ ಎಳೆ ಮತ್ತೆ ಕಾಣುತ್ತದೋ ಇಲ್ಲವೋ ಎಂದು ನಾನು ಹೆದರಿಕೊಂಡಿದ್ದೆ. ಅವಳೋ, ಕಣ್ತೆರೆದವಳೇ ನನ್ನ ಸೀರೆಯಂಚಿನ ಎಳೆ ಎಣಿಸತೊಡಗಿದಳು! ಖುಷಿಗೆ ನನಗೆ ಅಲ್ಲೇ ಕುಣಿಯುವಂತಾಗಿತ್ತು.

ಬಿಲ್ಲನ್ನು ನನ್ನ ಹೊಸ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ್ದೆ. ಕ್ಯಾಶ್‌ಬ್ಯಾಕ್ ಸಿಕ್ಕಿದೆ ಎಂದು ಮೊಬೈಲಿಗೆ ಸಂದೇಶ ಬಂತು. ಹಾಗಂದರೇನು ಎಂದು ಅವ್ವ ಕೇಳಿದಳು. ಸಂತೆಯಲ್ಲಿ ತೂಕ ಮುಗಿದ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕುತ್ತಾರಲ್ಲ, ಹಾಗೆ ಇದು ದವಾಖಾನೆ ಖರ್ಚಿನ ಮೇಲೆ ಸಿಕ್ಕ ಕೊಸರು ಎಂದೆ. ಅಷ್ಟೇ ಸಾಕಾಯಿತು. ಅವ್ವ ನೆಟ್ಟಗೆ ಡಾಕ್ಟರರ ಬಳಿಗೇ ನಡೆದಳು.

“ಒಂದು ಕಣ್ಣಿಗೆ ರೊಕ್ಕ ಕೊಟ್ಟೇವ್ರಿ ಸಾಹೇಬ್ರ, ಇನ್ನೊಂದು ಕೊಸರಿನ್ಯಾಗ ಮಾಡಿಬಿಡ್ರಿ!”

ಡಾಕ್ಟರರು ತಬ್ಬಿಬ್ಬಾಗಿ ನನ್ನತ್ತ ನೋಡಿದರು. ನಗು ತಡೆಯುತ್ತಲೇ ವಿಷಯ ಹೇಳಿದೆ. ಅವರು ಗಂಭೀರವಾಗಿ ಟಾರ್ಚ್ ಹಿಡಿದು ಅವಳ ಎಡಗಣ್ಣನ್ನು ಬಗ್ಗಿ ನೋಡಿದರು. “ಈ ಕಣ್ಣಿನ ಪೊರಿ ಇನ್ನೂ ಕಾಯಿ ಐತಿ ಯವ್ವಾ. ಹಣ್ಣಾಗಲಿ, ನೋಡೂಣು” ಎಂದರು.

“ಅಯ್ಯ, ಕಾಯಿ ಯಾರಿಗೆ ಬೇಕ್ರಿ!” ಎಂದು ಅವ್ವ ಸೆರಗು ಮಡಚಿಕೊಂಡಳು. ಅಲ್ಲಿ ಕುಳಿತಿದ್ದವರೆಲ್ಲ, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡವರೂ ಸೇರಿ, ಹೊಟ್ಟೆ ಹಿಡಿದುಕೊಂಡು ನಕ್ಕರು.

ಈಗ ಕ್ಯಾಶ್‌ಬ್ಯಾಕ್ ಸಂದೇಶ ಬಂದಾಗಲೆಲ್ಲ “ಅವ್ವಾ, ಕೊಸರು ಬಂತು” ಎನ್ನುತ್ತೇನೆ. ಅವಳು ಮಗ್ಗ ಬಿಟ್ಟು ಎದ್ದು ಬಂದು, ಎಡಗಣ್ಣು ಅಗಲಿಸಿ ನನ್ನ ಮುಖದ ಮುಂದೆ ಹಿಡಿಯುತ್ತಾಳೆ: “ಹಣ್ಣಾಗೈತೇನು ನೋಡು!”