ಐದು ತಿಂಗಳು ಹಾಕದ ಸಹಿ

ಒಂದು ಸಹಿ ಹಾಕಬೇಕಿತ್ತು. ಐದು ತಿಂಗಳು ಹಾಕಲಿಲ್ಲ. ಮೊದಲು ಅದನ್ನೇ ಹೇಳಿಬಿಡುತ್ತೇನೆ. ಕೋವಿಡ್ ಕಾಲ, ಏನು ಮಾಡೋಕಾಗುತ್ತೆ ಎಂದು ಯಾರೂ ನನ್ನ ಪರವಾಗಿ ಮಾತಾಡುವುದು ಬೇಡ. ಆ ಎರಡು ವರ್ಷ ಜನ ತಮ್ಮ ಎಲ್ಲ ತಪ್ಪನ್ನೂ ಆ ರೋಗದ ತಲೆಗೆ ಕಟ್ಟಿದರು. ನಾನೂ ಕಟ್ಟಿದೆ. ಈಗ ಬಿಚ್ಚುತ್ತಿದ್ದೇನೆ.

ನಾನು ಓದಿದ್ದು ಎಂಟನೇ ಕ್ಲಾಸಿನವರೆಗೆ. ಈಗಿರುವುದು ಪರದೇಶದಲ್ಲಿ. ನಿಲಾಯ್‌ನಲ್ಲಿ ಕಾಲೇಜು ಮಕ್ಕಳಿಗೆ ಊಟ ಹಾಕುವ ಮೆಸ್ಸಿನಲ್ಲಿ ಅಡುಗೆಯವನು. ಅಕ್ಕ, ಭಾವ ಇರುವುದು ಸುಬಾಂಗ್ ಜಯಾದಲ್ಲಿ, ಇಬ್ಬರೂ ಕಂಪ್ಯೂಟರ್ ಕೆಲಸದವರು. ನನ್ನನ್ನು ಈ ದೇಶಕ್ಕೆ ಕರೆಸಿಕೊಂಡವಳು ಅಕ್ಕನೇ. ನನ್ನ ಕೆಲಸದ ಪರವಾನಗಿಗೆ ಯಾರಾದರೂ ಜವಾಬ್ದಾರಿ ಹೊರಬೇಕು ಎಂದಾಗ ಆಫೀಸಿನ ಮೆಟ್ಟಿಲ ಹತ್ತಿರ ನಿಂತೇ, ಗೋಡೆಗೆ ಕಾಗದ ಒತ್ತಿ ಹಿಡಿದು, ವಾಚ್‌ಮನ್ ಪೆನ್ನು ಇಸಿದುಕೊಂಡು ಸಹಿ ಮಾಡಿದ್ದಳು. ಓದಿ ನೋಡು ಎಂದರೆ, "ನೀನು ಓಡಿಹೋದರೆ ನಾನು ಹುಡುಕಿ ತರಬೇಕು ಅಂತಿರುತ್ತೆ, ಇನ್ನೇನು" ಎಂದಿದ್ದಳು.

ಅವರಿಗೆ ಮಕ್ಕಳಾಗಲಿಲ್ಲ. ಅಕ್ಕನಿಗೆ ನಲವತ್ತನಾಲ್ಕು ತುಂಬಿದ ವರ್ಷ ಅವರು ಊರಿನ ಕಡೆಯ ಅನಾಥಾಲಯದಿಂದ ಒಂದು ಹೆಣ್ಣುಮಗುವನ್ನು ದತ್ತು ತರುವುದು ಎಂದು ತೀರ್ಮಾನಿಸಿದರು. ಮಗು ಕಡಲಾಚೆ, ಇವರು ಕಡಲೀಚೆ. ನಡುವೆ ಎರಡು ದೇಶದ ಕಚೇರಿಗಳು, ಅವುಗಳಿಗೆಲ್ಲ ಕಾಗದ. ಆರೋಗ್ಯದ ಕಾಗದ, ಪೊಲೀಸರ ಕಾಗದ, ಮನೆ ನೋಡಿಕೊಂಡು ಹೋದವರ ವರದಿ.

ಮನೆ ನೋಡಲು ಬರಬೇಕಿದ್ದ ದತ್ತು ಸಂಸ್ಥೆಯ ಹೆಂಗಸು, ಇಲ್ಲಿಯ ತಮಿಳರಾಕೆ, ಲಾಕ್‌ಡೌನಿನಿಂದಾಗಿ ವಿಡಿಯೋದಲ್ಲೇ ನೋಡಿದರಂತೆ. ಭಾವ ಲ್ಯಾಪ್‌ಟಾಪ್ ಎತ್ತಿಕೊಂಡು ಮನೆಯೆಲ್ಲ ಸುತ್ತಿದರು. ಕಿಟಕಿಯ ಸರಳು, ಬಚ್ಚಲಿನ ಚಿಲಕ, ಎಲ್ಲ ತೋರಿಸಿದರು. ನೆಲದ ಹತ್ತಿರ ಕರೆಂಟಿನ ಪ್ಲಗ್ ಇದೆಯಾ ಎಂದು ಆಕೆ ಕೇಳಿದಾಗ ಕ್ಯಾಮೆರಾ ಕೆಳಗೆ ತಿರುಗಿಸಿದ್ದಾರೆ. ಮೇಲೆ ಇಸ್ತ್ರಿ ಶರ್ಟು, ಕೆಳಗೆ ಮಾಸಿದ ಲುಂಗಿ. ಆಕೆ ನಕ್ಕು, ಇದನ್ನು ವರದಿಯಲ್ಲಿ ಬರೆಯುವುದಿಲ್ಲ ಎಂದರಂತೆ.

ಒಂದು ಕೋಣೆಯನ್ನು ಮಗುವಿಗೆಂದು ಬಿಡಿಸಿಟ್ಟಿದ್ದರು. ಇಬ್ಬರಿಗೂ ಮನೆಯಿಂದಲೇ ಕೆಲಸ. ಊಟದ ಮೇಜಿನ ಎರಡು ತುದಿಗೆ ಕೂತು, ಒಬ್ಬರ ಮೀಟಿಂಗು ಇನ್ನೊಬ್ಬರ ಕಿವಿಗೆ ಬಡಿಯುತ್ತ ಕೆಲಸ ಮಾಡುತ್ತಿದ್ದರೇ ಹೊರತು ಆ ಕೋಣೆಗೆ ಕಾಲಿಡಲಿಲ್ಲ. ಖಾಲಿ ಕೋಣೆ ಇಟ್ಟುಕೊಂಡು ಯಾಕೆ ಹೀಗೆ ಒದ್ದಾಡ್ತೀರಿ ಎಂದು ನಾನೊಮ್ಮೆ ಫೋನಿನಲ್ಲಿ ಕೇಳಿದೆ. ಅದು ಖಾಲಿ ಇಲ್ಲ, ಅದರಲ್ಲಿರುವವಳು ಇನ್ನೂ ಬಂದಿಲ್ಲ ಅಷ್ಟೇ ಎಂದಳು ಅಕ್ಕ.

ಮೈಸೂರಿನಿಂದ ದೊಡ್ಡಮ್ಮ ಫೋನು ಮಾಡಿ ಯಾರ ಮನೆ ಮಗುವೋ ಏನೋ ಎಂದು ರಾಗ ತೆಗೆದಾಗಲೂ ಅಕ್ಕನದು ಅದೇ ದನಿ. "ಈಗ ಯಾರದೋ ಇರಬಹುದು. ಬಂದ ಮೇಲೆ ನಮ್ಮನೆದು, ದೊಡ್ಡಮ್ಮ. ನಿಮಗೂ ಮೊಮ್ಮಗಳೇ. ಬೇಡ ಅಂದರೆ ಹೇಳಿಬಿಡಿ, ಅವಳಿಗೆ ನಿಮ್ಮ ಹೆಸರು ಹೇಳಿಕೊಡಲ್ಲ."

ಎಲ್ಲ ಕಾಗದವೂ ಆಯಿತು, ಒಂದು ಉಳಿಯಿತು. ಅಕ್ಕ, ಭಾವನ ವಯಸ್ಸು ನೋಡಿ, ಹತ್ತಿರದ ಸಂಬಂಧಿಕರೊಬ್ಬರು ಬರೆದುಕೊಡಬೇಕಂತೆ: ಈ ಇಬ್ಬರಿಗೂ ಏನಾದರೂ ಆದರೆ ಮಗುವನ್ನು ನಾನು ನೋಡಿಕೊಳ್ಳುತ್ತೇನೆ ಎಂದು. ಅಕ್ಕ ನನ್ನ ಹೆಸರು ಕೊಟ್ಟಳು. ನನ್ನನ್ನು ಕೇಳಿಯೇ ಕೊಟ್ಟಳು, ನಾನು ಹೂಂ ಎಂದಿದ್ದೆ. ನಿಲಾಯ್ ಬೇರೆ ರಾಜ್ಯಕ್ಕೆ ಸೇರಿದ್ದು, ಆಗ ರಾಜ್ಯದ ಗಡಿ ದಾಟುವಂತಿರಲಿಲ್ಲ. ಕಾಗದ ಕೊರಿಯರಿನಲ್ಲಿ ಬಂತು. ಪ್ರಮಾಣ ಮಾಡಿಸಿ ಮೊಹರು ಒತ್ತುವವರ ಎದುರು, ನಮ್ಮೂರಿನಲ್ಲಿ ನೋಟರಿ ಎನ್ನುತ್ತಾರಲ್ಲ ಹಾಗೆ, ಸಹಿ ಮಾಡಿ ಕಳಿಸಬೇಕು. ಅಂಥದೊಂದು ಕಚೇರಿ ನಮ್ಮ ಮೆಸ್ಸಿನ ಸಾಲಿನಲ್ಲೇ ಇತ್ತು. ಪಕ್ಕದಲ್ಲಿ ಮಾಮಕ್, ಅಂದರೆ ಇಲ್ಲಿಯ ತಮಿಳು ಮುಸ್ಲಿಮರ ಹೋಟೆಲು, ಅದರ ಪಕ್ಕದ ಮಳಿಗೆ. ಒಬ್ಬರೇ ಮುದುಕರು, ಒಂದು ಮೇಜು.

ಇಂಗ್ಲಿಷ್ ಕಾಗದ ನನಗೆ ಓದಲು ಬರಲಿಲ್ಲ. ಊಟ ತೆಗೆದುಕೊಂಡು ಹೋಗಲು ಬಂದ ಮಂಗಳೂರು ಕಡೆಯ ವಿದ್ಯಾರ್ಥಿನಿಯೊಬ್ಬಳ ಹತ್ತಿರ ಓದಿಸಿದೆ. ಅವಳು ಓದಿ, "ನೀವು ಆ ಮಗೂಗೆ ಅಪ್ಪ ಆಗ್ಬೇಕಾಗ್ತದೆ ಅಣ್ಣ, ಅಷ್ಟೇ" ಎಂದು ಸಾಂಬಾರಿನ ಪೊಟ್ಟಣ ಎತ್ತಿಕೊಂಡು ಹೋದಳು.

ಅಷ್ಟೇ ಅಂತೆ. ಮೆಸ್ಸಿನ ಹಿಂದಿನ ಕೋಣೆಯಲ್ಲಿ ಇನ್ನಿಬ್ಬರ ಜೊತೆ ಮಲಗುವವನು ನಾನು. ಆ ಬೇಸಿಗೆಯಲ್ಲೇ ಮೈಸೂರಿನಲ್ಲಿ ಭಾವನ ಅಣ್ಣ ಅದೇ ರೋಗ ಬಂದು ಒಂದೇ ವಾರದಲ್ಲಿ ತೀರಿಕೊಂಡರು, ಭಾವ ಅಂತ್ಯಕ್ರಿಯೆಯನ್ನು ಫೋನಿನಲ್ಲಿ ನೋಡಿದರು. ಇಬ್ಬರಿಗೂ ಏನಾದರೂ ಆದರೆ ಎನ್ನುವುದು ಆಗ ಬರೀ ಕಾಗದದ ಸಾಲಾಗಿರಲಿಲ್ಲ. ದೊಡ್ಡಮ್ಮ ನನಗೂ ಫೋನು ಮಾಡಿ, ಸಹಿಗಿಹಿ ಹಾಕಿ ಸಿಕ್ಕಿಹಾಕಿಕೊಳ್ಳಬೇಡ ಎಂದರು. ಅಕ್ಕನ ಹಾಗೆ ತಿರುಗಿ ಮಾತಾಡಲಿಲ್ಲ ನಾನು. ಆಯ್ತು ದೊಡ್ಡಮ್ಮ ಎಂದೆ.

ಕಾಗದವನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ಅದೇ ಮೊಳೆಗೆ ಸಿಕ್ಕಿಸಿಟ್ಟೆ. ಅಕ್ಕ ಕೇಳಿದಾಗ ಕಚೇರಿ ಮುಚ್ಚಿದೆ ಎಂದೆ. ಮೊದಲ ಎರಡು ವಾರ ಅದು ನಿಜ. ಆಮೇಲೆ ಬಾಗಿಲು ತೆರೆಯಿತು. ದಿನಾ ಬೆಳಿಗ್ಗೆ ಮಾಮಕ್‌ನಿಂದ ಚಹಾ ಕಟ್ಟಿಸಿಕೊಂಡು ಬರುವಾಗ ಆ ಮುದುಕರು ಮಾಸ್ಕ್ ಗಲ್ಲಕ್ಕೆ ಇಳಿಸಿ ಪೇಪರು ಓದುತ್ತ ಕೂತಿರುವುದು ಕಾಣುತ್ತಿತ್ತು. ಎಷ್ಟೋ ದಿನ ಗ್ರಾಹಕರೇ ಇರುತ್ತಿರಲಿಲ್ಲ. ನನಗೆ ಕೈ ಬೀಸುತ್ತಿದ್ದರು, ನಾನೂ ಬೀಸುತ್ತಿದ್ದೆ. ಮೆಸ್ಸಿಗೆ ಬಂದು ಅಕ್ಕನ ಮೆಸೇಜು ನೋಡಿ, ಇನ್ನೂ ಮುಚ್ಚಿದೆ ಅಕ್ಕ ಎಂದು ಮೈಕು ಒತ್ತಿ ಹೇಳುತ್ತಿದ್ದೆ. ಪಾಪ ಅವರಿಗೂ ಕಷ್ಟ, ಬಿಡು ಎನ್ನುತ್ತಿದ್ದಳು ಅವಳು. ಕ್ಯಾಲೆಂಡರಿನ ಹಾಳೆ ಐದು ಸಲ ಮಗುಚಿದೆ. ಪ್ರತಿ ಸಲ ಆ ಕಾಗದ ಕಣ್ಣಿಗೆ ಬಿತ್ತು.

ಕೊನೆಗೆ ಆ ಸಂಸ್ಥೆಯ ಹೆಂಗಸು ನೇರ ನನಗೇ ಫೋನು ಮಾಡಿದರು. ಮಧ್ಯಾಹ್ನ, ನಾನು ಬೀನ್ಸ್ ಹೆಚ್ಚುತ್ತಿದ್ದೆ. ಅಂಥ ಕಚೇರಿಗಳು ಎಂದೋ ತೆರೆದಿವೆ ಎಂದು ಅವರಿಗೆ ಗೊತ್ತಿತ್ತು. ಬೈಯಲಿಲ್ಲ. ತಮಿಳಿನಲ್ಲಿ ನಿಧಾನಕ್ಕೆ ಹೇಳಿದರು: ತಂಬಿ, ಆಗಲ್ಲ ಅಂದರೆ ಆಗಲ್ಲ ಅನ್ನು. ಅದೂ ಒಂದು ಉತ್ತರ. ನಿನ್ನ ಅಕ್ಕ ಬೇರೆ ಯಾರನ್ನಾದರೂ ಕೇಳುತ್ತಾರೆ. ಮುಚ್ಚಿದೆ ಮುಚ್ಚಿದೆ ಅಂತ ಹೇಳಿ ನೀನು ಅವರನ್ನು ಅಲ್ಲಾಡದ ಹಾಗೆ ನಿಲ್ಲಿಸಿದ್ದೀಯ. ಅವರ ಕಡತ ಇನ್ನೂ ಮಗುವಿಗೆ ಕಾಯುವವರ ಸಾಲಿಗೇ ಸೇರಿಲ್ಲ.

ಹೆದರಿದ್ದು ತಪ್ಪಲ್ಲ. ಅದನ್ನು ಇವತ್ತಿಗೂ ಯಾರೆದುರು ಬೇಕಾದರೂ ಹೇಳುತ್ತೇನೆ. ಹೆದರಿಕೆಯಾಗಿದೆ ಅಕ್ಕ ಎಂದು ಒಂದು ಮಾತು ಹೇಳದೆ ಹೋದದ್ದು ತಪ್ಪು.

ಮಾರನೇ ಬೆಳಿಗ್ಗೆ ಹೋದೆ. ಮುದುಕರು ಕಾಗದವನ್ನು ಪೂರ್ತಿ ತಮಿಳಿನಲ್ಲಿ ಓದಿ ಹೇಳಿದರು, ಅರ್ಥವಾಯಿತಾ ಎಂದು ಎರಡು ಸಲ ಕೇಳಿದರು. ಕೈ ಎತ್ತಿಸಿ ಪ್ರಮಾಣ ಮಾಡಿಸಿದರು. ಸಹಿ, ಮೊಹರು. ಹೊರಗೆ ಬಂದಾಗ ಕಟ್ಟಿಸಿಕೊಂಡಿದ್ದ ಚಹಾ ಇನ್ನೂ ಬಿಸಿ ಇತ್ತು. ಅಕ್ಕನಿಗೆ ಅವತ್ತು ಹೇಳಿದ್ದೂ ಸುಳ್ಳೇ: ಇವತ್ತು ತೆರೆದರು ಎಂದೆ.

ಗಡಿ ತೆರೆದ ಮೇಲೆ ಎಷ್ಟೋ ಸಲ ಅವರ ಮನೆಗೆ ಹೋದೆ, ಆ ಕೋಣೆಯ ಎದುರಿಗೇ ಕೂತು ಉಂಡೆ. ಹೇಳಲಿಲ್ಲ. ಮುಂದಿನ ವರ್ಷ ಮಗುವಿನ ಫೋಟೋ ಬಂತು, ಬೆಳಗಾವಿ ಕಡೆಯ ನಾಲ್ಕೂವರೆ ವರ್ಷದ ಹುಡುಗಿ. ಆಗ ಮೆಸ್ಸಿನ ಯಜಮಾನರಿಗೆ ನಡೆದದ್ದೆಲ್ಲ ಹೇಳಿಕೊಂಡೆ. ಅವರು ಬೆನ್ನು ತಟ್ಟಿ, ನೀನು ತಡ ಮಾಡಿದ್ದಕ್ಕೇ ಅವರಿಗೆ ಈ ಮಗು ಸಿಕ್ಕಿದ್ದು, ಎಲ್ಲ ಒಳ್ಳೆಯದಕ್ಕೇ ಎಂದರು. ಆ ಸಮಾಧಾನ ನನಗೆ ಬೇಡ. ಮಗು ಸಿಕ್ಕಿದ್ದು ಅಕ್ಕ ಕಾದದ್ದಕ್ಕೆ. ನನ್ನ ಸುಳ್ಳಿಗೆ ಅದರಲ್ಲಿ ಪಾಲು ಕೊಡುವುದಿಲ್ಲ ನಾನು.

ಅವರು ಮಗುವನ್ನು ಕರೆತಂದ ದಿನ ವಿಮಾನ ನಿಲ್ದಾಣಕ್ಕೆ ಹೋದೆ. ನಿಲಾಯ್‌ನಿಂದ ಹತ್ತಿರವೇ. ಭಾವ ಪೆಟ್ಟಿಗೆಗಳನ್ನು ತಳ್ಳುತ್ತ ಬಂದರು, ಹಿಂದೆ ಅಕ್ಕ. ಅವಳ ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಸುತ್ತಿಕೊಂಡು ಆ ಹುಡುಗಿ. ಮಾಸ್ಕ್ ಅವಳ ಕಣ್ಣಿನವರೆಗೂ ಬಂದಿತ್ತು. ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, "ಇವ್ರ್ಯಾರ?" ಎಂದಳು.

"ನಿನ್ನ ಮಾಮ," ಎಂದಳು ಅಕ್ಕ. "ಎಲ್ಲ ಬಾಗಿಲು ಹಾಕಿದಾಗಲೂ ದಿನಾ ಹೋಗಿ ಹೋಗಿ ನೋಡಿ, ನಿನಗೋಸ್ಕರ ಸಹಿ ಹಾಕಿ ಕಳಿಸಿದ ಮಾಮ."

ಹುಡುಗಿ ಸೆರಗು ಬಿಡದೆ ಇನ್ನೊಂದು ಕೈಯನ್ನು ನನ್ನ ಕಡೆ ಚಾಚಿದಳು. ಅದನ್ನು ಹಿಡಿಯಲು ನನ್ನಿಂದಾಗಲಿಲ್ಲ. ಜನ ಗಾಡಿ ತಳ್ಳುತ್ತ ಎರಡೂ ಕಡೆಯಿಂದ ಹೋಗುತ್ತಿದ್ದರು. ಅಲ್ಲೇ ನಡುದಾರಿಯಲ್ಲಿ ನಿಂತು ಹೇಳಿದೆ.

"ಅಕ್ಕ, ಬಾಗಿಲು ಹಾಕಿರಲಿಲ್ಲ. ಎರಡೇ ವಾರ ಹಾಕಿತ್ತು. ಆಮೇಲೆ ದಿನಾ ತೆರೆದಿತ್ತು, ನಾನು ದಿನಾ ಅದರ ಮುಂದೆಯೇ ಹೋಗ್ತಿದ್ದೆ. ಹೆದರಿಕೆಯಾಗಿತ್ತು, ನಿನಗೆ ಹೇಳಲಿಲ್ಲ. ಐದು ತಿಂಗಳು ಸುಳ್ಳು ಹೇಳಿ ನಿಮ್ಮನ್ನ ಕಾಯಿಸಿದೆ. ತಪ್ಪಾಯ್ತು ಅಕ್ಕ. ಕ್ಷಮಿಸು."