ಗುರುಚರಣನ ತಂಗಿಯ ಹೆಸರು

ಮಕ್ಕಳ ಹೆಸರು ಜೋಡಿಯಾಗಿ ಕೂಡುತ್ತದೋ ಇಲ್ಲವೋ ಎಂದು ನೋಡಲು ಹಳಬರಲ್ಲಿ ಒಂದು ಉಪಾಯವಿತ್ತು. ಒಲೆಯ ಮುಂದೆ ನಿಂತು ಇಬ್ಬರನ್ನೂ ಒಂದೇ ಉಸಿರಿನಲ್ಲಿ ಊಟಕ್ಕೆ ಕರೆಯಬೇಕು. ನಾಲಿಗೆ ತೊಡರದೆ, ಉಸಿರು ಮುರಿಯದೆ ಎರಡೂ ಹೊರಬಂದರೆ ಹೆಸರು ಕೂಡಿತು. ವೆಸ್ಟ್ ಮಾಂಬಲಂ ಸ್ಟೇಷನ್ನಿನ ಹತ್ತಿರದ ಗಲ್ಲಿಯಲ್ಲಿ, ಎರಡನೇ ಮಹಡಿಯ ಮನೆಯಲ್ಲಿ, ಭಾವನಾ ಎಂಬ ಬಾಣಂತಿ ದಿನವೂ ಹೀಗೆ ಕರೆದು ನೋಡುತ್ತಿದ್ದಳು. ಗಟ್ಟಿಯಾಗಿ ಅಲ್ಲ. ಕುಕ್ಕರು ಕೂಗುವಾಗ, ಇಲ್ಲವೇ ಲೋಕಲ್ ರೈಲು ಹಾಯುವಾಗ, ಆ ಸದ್ದಿನ ಮರೆಯಲ್ಲಿ.

"ಚರಣಾ, ಮೇಘನಾ, ಊಟಕ್ಕೆ ಬನ್ನಿ." ಕೂಡಲಿಲ್ಲ. "ಚರಣಾ, ಶ್ರಾವ್ಯಾ." ಅದೂ ಇಲ್ಲ.

ಮನೆಯವರೆಲ್ಲ ತೊಡೆಯ ಮೇಲಿನ ಹೆಣ್ಣುಕೂಸಿಗೆ ಹೆಸರು ಹುಡುಕುತ್ತಿದ್ದರು. ಅವಳೊಬ್ಬಳು ಮಾತ್ರ ಗುರುಚರಣನ ತಂಗಿಗೆ ಹೆಸರು ಹುಡುಕುತ್ತಿದ್ದಳು.

ಗುರುಚರಣ ಅವಳ ಮೊದಲ ಮದುವೆಯ ಮಗ. ಹನ್ನೊಂದು ವರ್ಷ. ಇರುವುದು ವಡಪಳನಿಯಲ್ಲಿ, ಅಪ್ಪನ ಮನೆಯಲ್ಲಿ, ಅಜ್ಜಿ ಭೀಮಾಬಾಯಿಯ ಕೈಕೆಳಗೆ. ಯಾರೂ ಅವನನ್ನು ಕಿತ್ತುಕೊಂಡು ಹೋದದ್ದಲ್ಲ. ಕೊಟ್ಟವಳು ಭಾವನಾಳೇ. ಗಂಡಹೆಂಡಿರು ಬೇರೆಯಾದಾಗ ಮಗು ತಾಯಿಯ ಜೊತೆಯಲ್ಲೇ ಇತ್ತು. ಅವನಿಗೆ ಎಂಟು ತುಂಬುವ ಮೊದಲು ಮುಂಜಿ ಆಗಬೇಕು ಎಂದು ಭೀಮಾಬಾಯಿ ಹೇಳಿ ಕಳಿಸಿದರು. ಬ್ರಹ್ಮೋಪದೇಶ ತಂದೆಯ ಬಾಯಿಂದಲೇ ಆಗಬೇಕು, ಆಮೇಲೆ ಹುಡುಗ ಸಂಧ್ಯಾವಂದನೆ ಕಲಿಯುವ ತನಕ ಎರಡು ತಿಂಗಳು ಅಲ್ಲೇ ಇರಲಿ ಎಂದರು. ತನ್ನ ಹಟಕ್ಕೆ ಮಗನ ಮುಂಜಿ ತಪ್ಪಿತೆಂಬ ಮಾತು ಬರಬಾರದೆಂದು ಭಾವನಾ ತಾನೇ ಪಂಚೆ ಮಡಿಸಿ, ಚೀಲ ತುಂಬಿ ಬಿಟ್ಟುಬಂದಳು. ಎರಡು ತಿಂಗಳು ಎಂಟು ತಿಂಗಳಾಯಿತು. ಕೋರ್ಟಿನಲ್ಲಿ ಯಾರ ಹತ್ತಿರ ಇರುತ್ತೀ ಎಂದು ಕೇಳಿದಾಗ ಹುಡುಗ ನೆಲ ನೋಡುತ್ತ "ಅಜ್ಜಿ" ಎಂದ. ಅಂದಿನಿಂದ ತಿಂಗಳಿಗೆ ಎರಡು ಶನಿವಾರ, ಎರಡೆರಡು ಗಂಟೆ, ವಡಪಳನಿಯ ಒಂದು ಹೋಟೆಲಿನಲ್ಲಿ ತಾಯಿ ಮಗನನ್ನು ನೋಡಬಹುದು.

ಇದಾದ ಮೇಲೆ ಅವಳು ನುಂಗಂಬಾಕ್ಕಂನ ತನ್ನ ಆಫೀಸಿನಲ್ಲೇ ಇದ್ದ ಮೈಸೂರಿನ ಪದ್ಮನಾಭನನ್ನು ಮದುವೆಯಾದಳು. ಸಾಧು ಮನುಷ್ಯ. ಅವನ ತಾಯಿ ವೆಂಕಟಲಕ್ಷ್ಮಮ್ಮ, ತಾಯಿಯಿಲ್ಲದ ಸೊಸೆಗೆ ಮೈಸೂರಿನಿಂದ ಬಂದು ತಾವೇ ಬಾಣಂತನ ಮಾಡಿದರು. ಸೊಂಟಕ್ಕೆ ಬಿಸಿನೀರು ಹುಯ್ದು, ಸಾಂಬ್ರಾಣಿ ಹಾಕಿ, ಲೇಹ್ಯ ಕಲಸಿ ಕೊಟ್ಟ ಕೈ ಅದು. ಅಂಥವರ ಮಾತು ಮೀರುವುದು ಸುಲಭವಲ್ಲ.

ಒಂದು ಬೆಳಗ್ಗೆ ಹೆಸರು ಸಿಕ್ಕಿತು. ಹರಿಪ್ರಿಯಾ. ಹರಿ, ಗುರು. ಭಜನೆಗೆ ಕೂತವರು ಒಂದರ ಬೆನ್ನಿಗೆ ಇನ್ನೊಂದನ್ನು ಹೇಳದೆ ಏಳುವುದಿಲ್ಲ. "ಚರಣಾ, ಪ್ರಿಯಾ, ಊಟಕ್ಕೆ ಬನ್ನಿ" ಎಂದು ಅವಳು ಕರೆದಳು. ಆಗ ಕುಕ್ಕರು ಕೂಗುತ್ತಿರಲಿಲ್ಲ, ರೈಲೂ ಇರಲಿಲ್ಲ. ಬಾಗಿಲಲ್ಲಿ ಅತ್ತೆ ನಿಂತಿದ್ದರು.

"ಹರಿಪ್ರಿಯಾ ಅಂದ್ರೆ ತುಳಸಿ ಹೆಸರು ಕಣಮ್ಮ, ಬೇಡ ಅನ್ನಕ್ಕೆ ನಂಗೆ ಬಾಯಿ ಬರಲ್ಲ," ಎಂದರು ವೆಂಕಟಲಕ್ಷ್ಮಮ್ಮ. "ಒಂದು ಮಾತು ಕೇಳ್ತೀನಿ. ನೀನು ಮಗೂಗೆ ಹೆಸರಿಡ್ತಿದೀಯೋ, ಆ ಹುಡುಗನಿಗೆ ಕಾಗದ ಬರೀತಿದೀಯೋ?"

"ಎರಡೂ, ಅತ್ತೆ."

ಮುದುಕಿ ನಕ್ಕುಬಿಟ್ಟರು. ಆಮೇಲೆ ಬಂದು ಪಕ್ಕದಲ್ಲಿ ಕೂತರು. "ಹೆಸರು ನಿಂದೇ ಆಗ್ಲಿ. ಹುಡುಗನ್ನೂ ಕರಿ, ಹೊಟ್ಟೆ ತುಂಬ ಉಂಡು ಹೋಗ್ಲಿ. ಆದ್ರೆ ಮೈಸೂರಿಂದ ಬರೋರ ಮುಂದೆ ಅವನು ಯಾರು ಅನ್ನೋ ಮಾತು ಬೇಡ. ಎರಡನೇ ಸಂಬಂಧ ಅಂತ ಹೇಳಿದೀನಿ, ಮಗ ಇದಾನೆ ಅಂತ ಹೇಳಿಲ್ಲ. ಈಗ ಗೊತ್ತಾದ್ರೆ ನಾನು ಆ ಊರಲ್ಲಿ ತಲೆ ಎತ್ತಂಗಿಲ್ಲ."

ಹೆಸರು ಸಿಕ್ಕಿದ ಸಂತೋಷದಲ್ಲಿ ಭಾವನಾ ಹೂಂ ಅಂದಳು. ಯಾರು ಕೇಳುತ್ತಾರೆ, ಇಪ್ಪತ್ತು ಜನರ ನಡುವೆ ಒಬ್ಬ ಹುಡುಗ ಅಂದುಕೊಂಡಳು.

ವಡಪಳನಿಗೆ ಫೋನ್ ಮಾಡಿದಳು. ಎತ್ತಿದವರು ಭೀಮಾಬಾಯಿ. ನಾಲ್ಕು ತಲೆಮಾರಿನಿಂದ ಮದರಾಸಿನಲ್ಲಿ ಬೇರೂರಿದ ಮನೆ ಅದು. ಅವರ ಕನ್ನಡದಲ್ಲಿ ಅರ್ಧ ತಮಿಳು.

"ನಾಮಕರಣವಾ? ರೊಂಬ ಸಂತೋಷ. ಕಳಿಸ್ತೀನಿ, ಊಟ ಮುಗಿಸಿ ನಾಲ್ಕಕ್ಕೆ ಟ್ಯೂಷನ್ನಿಗೆ ಬಂದುಬಿಡಲಿ. ಆದರೆ ಅಣ್ಣ ಗಿಣ್ಣ ಅಂತ ಅವನ ತಲೇಲಿ ತುಂಬಬೇಡ, ಪಾತ್ತುಕ್ಕೋ, ಹುಷಾರು. ಕೂಸು ಹುಟ್ಟಿದ ದಿವಸವೇ ನಮ್ಮ ವಿಷ್ಣುತೀರ್ಥಾಚಾರ್ರನ್ನ ಕೇಳಿದೆ, ಇವನಿಗೆ ವೃದ್ಧಿ ಉಂಟಾ ಅಂತ. ಗೋತ್ರ ಬೇರೆ, ಒಂದು ದಿವಸವೂ ಬೇಡಾಂದರು. ವೃದ್ಧಿಯೇ ಇಲ್ಲಾಂದ್ರೆ ತಂಗಿ ಎಲ್ಲಿಂದ ಬಂದಳು, ನೀನೇ ಹೇಳು."

ಮನೆತನದಲ್ಲಿ ಮಗು ಹುಟ್ಟಿದರೆ ಉಳಿದವರಿಗೆ ಮೈಲಿಗೆ. ಮುಂಜಿಯಾದ ಹುಡುಗರು ಅಷ್ಟು ದಿನ ಸಂಧ್ಯಾವಂದನೆ ನಿಲ್ಲಿಸಬೇಕು. ಅದೇ ವೃದ್ಧಿ. ಭಾವನಾ ಮಗನಿಗೆ ಕೊಡಿ ಎಂದಳು.

ಹುಡುಗ ಫೋನ್ ಹಿಡಿದು ಬಾಲ್ಕನಿಗೆ ಹೋದದ್ದು ಬೀದಿಯ ಹಾರ್ನ್ ಸದ್ದಿನಿಂದಲೇ ತಿಳಿಯಿತು. ಅಮ್ಮನ ಕನ್ನಡಕ್ಕೆ ಅವನ ಉತ್ತರವೆಲ್ಲ ತಮಿಳಿನಲ್ಲಿ. ಪಿಸುಗುಟ್ಟಿದ. "ಮಾ, ನಾನ್ ಮೂಣು ನಾಳ್ ಸಂಧ್ಯಾವಂದನಂ ಪಣ್ಣಲೆ." ಕೂಸು ಹುಟ್ಟಿದಾಗ ಮೂರು ದಿನ ಮಾಡಲಿಲ್ಲವಂತೆ. ಹೊಟ್ಟೆನೋವೆಂದು ಅಜ್ಜಿಗೆ ಸುಳ್ಳು ಹೇಳಿದನಂತೆ. ನಾಲ್ಕನೇ ದಿನ ಅಪ್ಪ ಗದರಿದ ಮೇಲೆ ಕೂತನಂತೆ.

ಭಾವನಾ ಅವನಿಗೆ ಮಗುವಿನ ಹೆಸರು ಹೇಳಿದಳು. ಅವನು ಅದನ್ನು ತನ್ನ ಹೆಸರಿನ ಜೊತೆ ಕೂಡಿಸಿ ನೋಡಿದ.

"ಹರಿ, ಗುರು," ಎಂದ. "ಕರೆಕ್ಟಾ ಇರುಕ್ಕು ಮಾ."

ಮೂರನೇ ತಿಂಗಳಲ್ಲಿ ತೊಟ್ಟಿಲು, ನಾಮಕರಣ ಎರಡೂ ಒಂದೇ ದಿನ. ಮೈಸೂರಿನ ರೈಲಿಗೆ ಇಪ್ಪತ್ತು ಜನ ಬಂದಿಳಿದರು. ಗುರುಚರಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಂದು ಗಿಲಕಿಯ ಪೊಟ್ಟಣ ಹಿಡಿದು ಬಾಲ್ಕನಿಯ ಬಾಗಿಲಲ್ಲಿ ನಿಂತ. ಭಾವನಾ ಜನರ ಸಂದಿಯಿಂದ ನೋಡಿದಳು. ಅವನೂ ನೋಡಿ ನಕ್ಕ.

ಹಿರಿಯಳಾದ ಸಣ್ಣಮ್ಮ ತೊಟ್ಟಿಲ ಪಕ್ಕ ನಿಂತಿದ್ದಳು. ಪದ್ಮನಾಭನ ಸೋದರತ್ತೆ, ಎಪ್ಪತ್ತೆಂಟರ ಮುದುಕಿ, ಮನೆತನದ ಪದ್ಧತಿಯೆಲ್ಲ ಅವಳ ನಾಲಿಗೆಯ ತುದಿಯಲ್ಲಿ.

"ಖಾಲಿ ತೊಟ್ಟಿಲಿಗೆ ನಮ್ಮಲ್ಲಿ ಮಗು ಹಾಕಲ್ಲ," ಎಂದಳು. "ಚೊಚ್ಚಲಾದ್ರೆ ಮೊದಲು ಗುಂಡುಕಲ್ಲು ಮಲಗಿಸಿ ತೂಗ್ಬೇಕು. ಆಮೇಲಿನ ಮಗುವಾದ್ರೆ ಕಲ್ಲು ಬೇಡ, ದೊಡ್ಡದು ಬಂದು ತೊಟ್ಟಿಲಿಗೆ ಕೈ ಹಾಕ್ಬೇಕು. ಹಿರೀದು ತೂಗಿದ ತೊಟ್ಟಿಲಲ್ಲಿ ಕಿರೀದು ಮಲಗ್ಬೇಕು. ಎರಡನೇ ಸಂಬಂಧ ಅಂತ ಕೇಳ್ತಿದೀನಿ, ತಪ್ಪು ತಿಳ್ಕೋಬೇಡ ತಾಯಿ. ಇದು ಚೊಚ್ಚಲು ತಾನೆ?"

ಹುಡುಗನಿಗೆ ಕನ್ನಡ ಸರಾಗವಾಗಿ ಆಡಲು ಬಾರದೇ ಹೋದರೂ ಕೇಳಿದ್ದು ಪೂರ್ತಿ ತಿಳಿಯುತ್ತದೆ. ಅವನು ಪೊಟ್ಟಣವನ್ನು ಕಿಟಕಿಯ ಮೇಲಿಟ್ಟ. ಎರಡೂ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಒಂದು ಹೆಜ್ಜೆ ಮುಂದೆ ಬಂದ.

ಅದನ್ನು ಭಾವನಾ ಕಂಡಳು. ತಟ್ಟೆಯಲ್ಲಿ ಅಕ್ಕಿ ಹರಡುತ್ತಿದ್ದ ಅತ್ತೆಯ ಕೈ ನಿಂತದ್ದನ್ನೂ ಕಂಡಳು. ಅವರು ತಲೆ ಎತ್ತಲಿಲ್ಲ, ಕಣ್ಣಿನಿಂದಲೂ ಏನನ್ನೂ ಬೇಡಲಿಲ್ಲ. ಪದ್ಮನಾಭ ಗೋಡೆ ನೋಡುತ್ತಿದ್ದ. ಹೇಳಬೇಕಾದದ್ದು ಎರಡು ಮಾತು: ಅಲ್ಲ, ಎರಡನೆಯದು. ನಾಲಿಗೆಯ ಮೇಲೇ ಇತ್ತು.

"ಹೌದು," ಎಂದಳು. "ಚೊಚ್ಚಲು."

ಕೆಳಗಿನ ಮನೆಯ ಹಳೆಯ ಒರಳಿನಿಂದ ಗುಂಡುಕಲ್ಲು ತಂದರು. ಅರಿಸಿನ ಹಚ್ಚಿ, ಕುಲಾವಿ ಕಟ್ಟಿ, ಶಾಲು ಹೊದಿಸಿ ತೊಟ್ಟಿಲಲ್ಲಿ ಮಲಗಿಸಿದರು. ಐದು ಜನ ಮುತ್ತೈದೆಯರು ಜೋಗುಳ ಹೇಳಿ ಕಲ್ಲನ್ನು ತೂಗಿದರು. ಗುರುಚರಣ ಹಿಂದೆ ಸರಿದು ಅದನ್ನೇ ನೋಡುತ್ತಿದ್ದ. ಕಲ್ಲು ತೆಗೆದು ಮಗುವನ್ನು ಹಾಕಿದರು. ಪದ್ಮನಾಭನ ತಂಗಿ ವಾಸಂತಿ ಬಾಗಿ ಕೂಸಿನ ಕಿವಿಯಲ್ಲಿ ಮೂರು ಸಲ ಹರಿಪ್ರಿಯಾ ಎಂದಳು. ಎಲ್ಲರೂ ಚೆನ್ನಾಗಿದೆ ಎಂದರು. ಮುದ್ದಾದ ಹೆಸರು, ಎಲ್ಲಿ ಸಿಕ್ಕಿತು ಎಂದು ಕೇಳಿದರು. ಭಾವನಾ ಅದಕ್ಕೂ ಏನೋ ಒಂದು ಉತ್ತರ ಹೇಳಿದಳು.

ಊಟದ ಪಂಕ್ತಿಯಲ್ಲಿ ಸಣ್ಣಮ್ಮ ಒಬ್ಬೊಬ್ಬರನ್ನೇ ಉಪಚರಿಸುತ್ತ ಬಂದಳು. ತುದಿಯ ಎಲೆಯ ಹುಡುಗನ ಮುಂದೆ ನಿಂತಳು.

"ನೀನು ಯಾರ ಮನೆ ಮಗ ಮರಿ?"

"ಪಕ್ಕತ್ತು ವೀಡು," ಎಂದ. ಮುದುಕಿಗೆ ತಮಿಳು ಬಾರದೆಂದು ಹೊಳೆದು, ತಡವರಿಸಿ ಕನ್ನಡದಲ್ಲಿ ಹೇಳಿದ. "ಪಕ್ಕದ ಮನೆ, ಅಜ್ಜಿ."

"ಕನ್ನಡಾನೂ ಬರತ್ತಲ್ಲ, ಜಾಣ. ಏನು ಹೆಸರು?"

ಬಡಿಸಲು ಹೋಳಿಗೆಯ ತಟ್ಟೆ ಹಿಡಿದು ಭಾವನಾ ಮೂರೇ ಎಲೆಯ ಆಚೆ ನಿಂತಿದ್ದಳು. ಹುಡುಗ ಒಮ್ಮೆ ಅವಳತ್ತ ನೋಡಿದ. ಗುರುಚರಣ ಎಂದರೆ ಹರಿಪ್ರಿಯಾ ಜೊತೆಗೆ ಕೂಡಿಬಿಡುತ್ತದೆ, ಯಾರಾದರೂ ಕೂಡಿಸಿ ನೋಡಿಬಿಡುತ್ತಾರೆ. ಅವಳಿಗೆ ಹೊಳೆದದ್ದು ಅವನಿಗೂ ಹೊಳೆದಿತ್ತು.

"ಕಿಟ್ಟು," ಎಂದ.

"ಇನ್ನೊಂದು ಹೋಳಿಗೆ ಹಾಕಮ್ಮ ಕಿಟ್ಟೂಗೆ. ಬೆಳೆಯೋ ಹುಡುಗ."

ಭಾವನಾ ಹಾಕಿದಳು. ಅದು ಜಾರಿ ಅನ್ನದ ಮೇಲೆ ಬಿತ್ತು. ಅವನು ತೆಗೆದು ಬದಿಗಿಟ್ಟುಕೊಂಡು ಪೂರ್ತಿ ತಿಂದ. ಮೂರೂವರೆಗೆ ಎದ್ದು, ತಾಂಬೂಲದ ಚೀಲ ಇಸಿದುಕೊಂಡು, ಎಲ್ಲರ ಎದುರಿಗೆ ಅವಳ ಮುಂದೆ ಬಂದು ನಿಂತ. "ಬರ್ತೇನೆ ಆಂಟಿ," ಎಂದ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಒಪ್ಪಿಸಿದ ಕೆಲಸವನ್ನು ತಪ್ಪಿಲ್ಲದೆ ಮಾಡಿ ಮುಗಿಸಿದ ಹುಡುಗನ ಹಾಗಿದ್ದ.

ಮುಂದಿನ ಶನಿವಾರ ಅವಳು ಹೋಟೆಲಿನಲ್ಲಿ ಎರಡು ಗಂಟೆ ಒಬ್ಬಳೇ ಕೂತಿದ್ದಳು. ಆಮೇಲಿನ ಶನಿವಾರವೂ ಕೂತಳು. ಭೀಮಾಬಾಯಿಗೆ ಫೋನ್ ಮಾಡಿದರೆ, "ನಾನು ತಡೀಲಿಲ್ಲ ಭಾವನಾ, ದೇವರಾಣೆ. ಹೋಗೂಂತ ನಾನೇ ಹೇಳಿದೆ. ಅವನೇ ಬೇಡಾಂತಾನೆ," ಎಂದರು. ಆ ಧ್ವನಿಯಲ್ಲಿ ಗೆದ್ದ ಸಡಗರ ಇರಲಿಲ್ಲ, ಅದಕ್ಕೇ ಅವಳು ನಂಬಿದಳು.

ಮಗುವಿಗೆ ಈಗ ಒಂಬತ್ತು ತಿಂಗಳು. ಹರಿಪ್ರಿಯಾ ಎಂದರೆ ತಿರುಗಿ ನೋಡುತ್ತದೆ. ಮನೆಯವರೆಲ್ಲ ಹಾಗೇ ಕರೆಯುತ್ತಾರೆ. ಭಾವನಾ ಮಾತ್ರ ಪುಟ್ಟಿ ಎನ್ನುತ್ತಾಳೆ. ಯಾಕಮ್ಮ, ನೀನೇ ಹಟ ಹಿಡಿದು ಇಟ್ಟ ಹೆಸರಲ್ಲವೇ ಎಂದು ವೆಂಕಟಲಕ್ಷ್ಮಮ್ಮ ಒಂದು ದಿನವೂ ಕೇಳಿಲ್ಲ.